ದೇವರಿಲ್ಲದ ಅಧ್ಯಾತ್ಮ: ಕಲಬುರಗಿಯ ಬಿಸಿಲಲ್ಲಿ ನನ್ನ ರೂಢಿ

ದೇವರನ್ನು ನಂಬದವನಿಗೆ ಅಧ್ಯಾತ್ಮ ಯಾಕೆ ಬೇಕು ಎಂದು ನಮ್ಮ ಕಡೆ ಮಂದಿ ಕೇಳುತ್ತಾರೆ. ಸಿಟ್ಟು ನಾಲಿಗೆಗೆ ಬರುವ ಮೊದಲೇ ಗೊತ್ತಾಗಬೇಕು, ಎದುರಿನವರ ಮಾತು ಪೂರ್ತಿ ಕಿವಿಗೆ ಬೀಳಬೇಕು, ಸಾವು ನೆನಪಿದ್ದೂ ಊಟ ರುಚಿಸಬೇಕು. ನನ್ನ ಮಟ್ಟಿಗೆ ಅಧ್ಯಾತ್ಮ ಅಂದರೆ ಇಷ್ಟೇ. ಇದಕ್ಕೆ ಪುನರ್ಜನ್ಮ ಬೇಕಿಲ್ಲ, ದಿನದ ರೂಢಿ ಬೇಕು.

ರೂಢಿ ಎಂದರೆ ಮೊದಲು ಕೂರುವುದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹಗಲೆಲ್ಲ ಕಾದ ಮಾಳಿಗೆ ರಾತ್ರಿಯೂ ಕುದಿಯುತ್ತದೆ. ಹಾಗಾಗಿ ಬೆಳಗಿನ 5 ಗಂಟೆ, ಕೆಳಮನೆಯ ಶಹಾಬಾದ್ ಕಲ್ಲಿನ ನೆಲ. ಬರೀ ನೆಲದ ಮೇಲೆ ಕೂತರೆ ಸೊಂಟ ಹಿಂದಕ್ಕೆ ವಾಲಿ ಬೆನ್ನು ಗೂನಾಗುತ್ತದೆ. ಹಳೆ ಕೌದಿಯನ್ನು 4 ಇಂಚು ಎತ್ತರ ಬರುವಂತೆ ಮಡಚಿ ಅದರ ಮುಂದಿನ ಅಂಚಿನಲ್ಲಿ ಕೂತರೆ ಮೊಣಕಾಲು ಕೆಳಗಿಳಿದು ಬೆನ್ನು ತಾನೇ ನೆಟ್ಟಗಾಗುತ್ತದೆ. ಮೊಣಕಾಲು ನೋವಿದ್ದವರಿಗೆ ಕುರ್ಚಿ ಸಾಕು. ಪದ್ಮಾಸನ ಫೋಟೋಕ್ಕೆ ಚಂದ.

ಉಸಿರು ಹೊರಹೋಗುವಾಗ ಒಂದೊಂದು ಎಣಿಕೆ, 10ರವರೆಗೆ, ಮತ್ತೆ 1. ಲೆಕ್ಕ ತಪ್ಪಿದರೂ 1. ಎಣಿಕೆ 14ಕ್ಕೆ ಹೋಗಿದ್ದರೆ ಬಾಯಿ ಎಣಿಸುತ್ತಿದೆ, ಮನಸ್ಸು ತೊಗರಿ ರೇಟಿನಲ್ಲಿದೆ ಎಂದರ್ಥ. ಹಾಗೆ ತಪ್ಪಿದ್ದು ಗೊತ್ತಾಗುವುದೇ ಅಭ್ಯಾಸದ ತಿರುಳು, ಅದಕ್ಕೆ ಹಳಹಳಿಸಬಾರದು. ಮೊದಲು 10 ನಿಮಿಷ, ಅದು ಹಗುರಾದ ಮೇಲೆ 20.

ಉಸಿರನ್ನು ಬೇಕಂತಲೇ ಜೋರಾಗಿ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತವೆ. ಇದನ್ನೇ ‘ಶಕ್ತಿ ಏರಿತು’ ಎಂದು ಹೇಳಿಕೊಳ್ಳುವವರಿದ್ದಾರೆ! ಉಸಿರು ತನ್ನಷ್ಟಕ್ಕೆ ಬಂದುಹೋಗಲಿ. ಕಾಲು ಜೋಮು ಹಿಡಿದರೆ ನರ ಒತ್ತಿಕೊಂಡಿದೆ. ಸಹಿಸಿಕೊಂಡು ಕೂರದೆ ಕಾಲು ಬದಲಿಸಿ. ತೂಕಡಿಕೆ ಬಂದರೆ ಕಣ್ಣು ಅರೆ ತೆರೆದು ಮೂರು ಅಡಿ ಮುಂದಿನ ನೆಲ ನೋಡಿ. ಕೂತಾಗೆಲ್ಲ ಎದೆ ಹೊಡೆದುಕೊಂಡು ಭಯ ಹೆಚ್ಚುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416.

ಕೂರುವುದಷ್ಟೇ ಅಲ್ಲ, ನೋಡುವುದೂ ಅಭ್ಯಾಸವೇ. ಭೀಮಾ ದಂಡೆಯ ಸನ್ನತಿ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಹೋದರೆ ಎಲ್ಲವನ್ನೂ ಸುತ್ತಬೇಡಿ. ಅಶೋಕ ಮತ್ತು ರಾಣಿಯ ಉಬ್ಬುಶಿಲ್ಪ ಇಲ್ಲಿ ಸಿಕ್ಕಿದ್ದು, ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರೂ ಇದೆ. ಅಂಥ ಒಂದೇ ಫಲಕದ ಮುಂದೆ ಫೋನು ತೆಗೆಯದೆ ಕಾಲು ಗಂಟೆ ನಿಂತು ನೋಡಿ. ಐದು ನಿಮಿಷಕ್ಕೆ ಬೇಸರ ಬರುತ್ತದೆ. ಉಳಿ ಓಡಿದ ಗೆರೆ ಕಾಣಲು ಶುರುವಾಗುವುದು ಆಮೇಲೆ.

ಒಬ್ಬರೇ ಮಾಡಿದರೆ ನಮಗೆ ನಾವೇ ಸುಳ್ಳು ಹೇಳಿಕೊಳ್ಳುವುದು ಸುಲಭ, ಹಾಗಾಗಿ ವಾರಕ್ಕೊಮ್ಮೆ ನಾಲ್ಕೈದು ಜನ ಸೇರಬೇಕು. 12ನೇ ಶತಮಾನದ ಕಲ್ಯಾಣದ ಶರಣರು ಶಿವನನ್ನು ನಂಬಿದವರು, ಅವರನ್ನು ನಾಸ್ತಿಕರ ಪಟ್ಟಿಗೆ ಎಳೆಯುವುದು ತಪ್ಪು. ಆದರೆ ಅನುಭವವನ್ನು ಹತ್ತು ಮಂದಿಯ ಎದುರಿಟ್ಟು ಒರೆಗೆ ಹಚ್ಚುವ ಅವರ ಪದ್ಧತಿಯನ್ನು ಕಡ ತರಬಹುದು. ಒಬ್ಬೊಬ್ಬರಿಗೆ 5 ನಿಮಿಷ, ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ಪ್ರಶ್ನೆ ಮಾತ್ರ, ಬುದ್ಧಿವಾದ ಇಲ್ಲ. ಇಂಥ ಕೂಟ ಕೆಡುವುದು ಎರಡು ಕಾರಣಕ್ಕೆ: ಒಬ್ಬ ಗುರುವಾಗುತ್ತಾನೆ, ಇಲ್ಲವೇ ದೇವರಿದ್ದಾನೋ ಇಲ್ಲವೋ ಎಂಬ ವಾದ ಹತ್ತಿಕೊಳ್ಳುತ್ತದೆ. ಆ ವಾದಕ್ಕೆ ಚಹಾ ಅಂಗಡಿ ಇದೆ.

ಮನೆಯವರ ಪೂಜೆಗೆ ಅಡ್ಡ ಬರುವುದಿಲ್ಲ. ಶರಣಬಸವೇಶ್ವರ ಜಾತ್ರೆಗೂ ಬಂದೇನವಾಜ್ ದರ್ಗಾದ ಉರುಸಿಗೂ ಹೋಗುತ್ತೇನೆ, ಹರಕೆ ಮಾತ್ರ ಹೊರುವುದಿಲ್ಲ. ಯಾಕೆ ಎಂದು ಕೇಳಿದವರಿಗಷ್ಟೇ ಹೇಳುತ್ತೇನೆ.