ಬನ್ನಿ ಬಂಗಾರದ ಸ್ಟಿಕರ್: ಕೈಯಿಂದ ಬರೆದು ವಾಟ್ಸ್‌ಆ್ಯಪ್‌ಗೆ ಏರಿಸುವ ಬಗೆ

ವಿಜಯದಶಮಿಯ ಸಂಜೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಕೈಗೆ ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅನ್ನುತ್ತೇವೆ. ಓಣಿಯ ಮನೆಮನೆಗೆ ಹೋಗಿ ಹಿರಿಯರಿಗೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇವೆ. ಪುಣೆಯಲ್ಲೋ ದುಬೈಯಲ್ಲೋ ಇರುವ ನಮ್ಮವರ ಕೈಗೆ ಆ ಎಲೆ ತಲುಪುವುದಿಲ್ಲ, ಅವರಿಗೆ ಹೋಗುವುದು ಫೋನಿನ ಸಂದೇಶ. ಆದರೆ ಅಲ್ಲಿ ಹರಿದಾಡುವ ಚಿತ್ರಗಳಲ್ಲಿ "ಹ್ಯಾಪಿ ದಸರಾ" ಇರುತ್ತದೆ, ಇಲ್ಲವೇ "ಹಾರ್ದಿಕ ಶುಭಾಶಯಗಳು" ಇರುತ್ತದೆ. ಬನ್ನಿ ಕೊಡುವಾಗ ನಮ್ಮ ಬಾಯಲ್ಲಿ ಬರುವ ಮಾತು ಇರುವುದಿಲ್ಲ. ಆ ಮಾತನ್ನು ನಾವೇ ಬರೆದುಕೊಳ್ಳಬೇಕು. ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಅದಕ್ಕೂ ಮುಂಚೆ ಅಂಗಡಿ ಬೋರ್ಡ್ ಬರೆಯುತ್ತಿದ್ದೆ. ಇಲ್ಲಿ ಹೇಳುವ ಕ್ರಮವನ್ನೇ ಪ್ರತಿ ದಸರೆಗೆ ನನ್ನ ಹುಡುಗರಿಗೆ ತೋರಿಸುತ್ತೇನೆ.

ಮೊದಲು ಮಾತು ಆರಿಸಿಕೊಳ್ಳಿ. ಸ್ಟಿಕರ್ ಚಾಟ್‌ನಲ್ಲಿ ಪರದೆಯ ಅಗಲದ ಮೂರನೇ ಒಂದು ಪಾಲಿನಷ್ಟೇ ಕಾಣುತ್ತದೆ. ಅಷ್ಟರಲ್ಲಿ ಎರಡು ಸಾಲು, ಎರಡೇ ಪದ. ಪೂರ್ತಿ ವಾಕ್ಯ ತುರುಕಿದರೆ ಯಾರಿಗೂ ಓದಲಾಗುವುದಿಲ್ಲ. ಹಾಗಾಗಿ ಮುಖ್ಯ ಸ್ಟಿಕರ್‌ಗೆ "ಬನ್ನಿ ಬಂಗಾರ" ಸಾಕು. ಸ್ಟಿಕರ್ ಮೇಕರ್ ಆ್ಯಪ್‌ಗಳಿಂದ ವಾಟ್ಸ್‌ಆ್ಯಪ್‌ಗೆ ಪ್ಯಾಕ್ ಸೇರಿಸಬೇಕಾದರೆ ಅದರಲ್ಲಿ ಕನಿಷ್ಠ 3 ಸ್ಟಿಕರ್ ಇರಬೇಕು, ಗರಿಷ್ಠ 30. ಎರಡನೆಯದಕ್ಕೆ "ಬಂಗಾರದಂಗ ಇರೋಣು" ಇಡಿ. ಮೂರನೆಯದು ವರ್ಷವಿಡೀ ಕೆಲಸಕ್ಕೆ ಬರುವ "ಆರಾಮ ಅದೀರಿ?" ಇರಲಿ. ಗೆಳೆಯರಿಗೆ ಕಳಿಸುವ "ಆರಾಮ ಅದಿ?" ಬೇಕೆನಿಸಿದರೆ ಅದನ್ನು ಬೇರೆಯಾಗಿಯೇ ಬರೆಯಿರಿ. ಕಾಕಾಗೆ, ಮಾವಗೆ, ಹಳೆಯ ಮಾಸ್ತರರಿಗೆ ಅದು ಹೋಗಬಾರದು. ಮುಖ್ಯ ಸ್ಟಿಕರ್‌ನಲ್ಲಿ "ತಗೋ", "ತಗೋರಿ" ಎರಡೂ ಇಲ್ಲದಿರುವುದರಿಂದ ಅದನ್ನು ಯಾರಿಗೆ ಬೇಕಾದರೂ ಕಳಿಸಬಹುದು.

ಕಾಗದದ ಮೇಲೆ 16 ಸೆಂ.ಮೀ. ಚೌಕ

ಸ್ಟಿಕರ್‌ನ ಅಳತೆ 512 × 512 ಪಿಕ್ಸೆಲ್. ಎ4 ಹಾಳೆಯ ಮೇಲೆ ಪೆನ್ಸಿಲ್‌ನಿಂದ 16 ಸೆಂ.ಮೀ. ಚೌಕ ಹಾಕಿಕೊಂಡರೆ 1 ಸೆಂ.ಮೀ.ಗೆ ಸರಿಯಾಗಿ 32 ಪಿಕ್ಸೆಲ್ ಬರುತ್ತದೆ, ಮುಂದೆ ಎಲ್ಲ ಲೆಕ್ಕ ಸುಲಭ. ಸುತ್ತಲೂ 16 ಪಿಕ್ಸೆಲ್ ಖಾಲಿ ಬಿಡಿ ಎಂದು ವಾಟ್ಸ್‌ಆ್ಯಪ್ ಹೇಳುತ್ತದೆ, ಅಂದರೆ ಹಾಳೆಯ ಮೇಲೆ ಅರ್ಧ ಸೆಂ.ಮೀ. ಉಳಿದ 15 ಸೆಂ.ಮೀ. ಚೌಕವೇ ನಿಮ್ಮ ಜಾಗ. ಅಕ್ಷರದ ಗೆರೆ 8 ಮಿ.ಮೀ. ದಪ್ಪ ಇರಲಿ. ಅದಕ್ಕಿಂತ ತೆಳುವಾದರೆ ಫೋನಿನಲ್ಲಿ ಬಳ್ಳಿಯಂತೆ ಕಾಣುತ್ತದೆ.

ಇನ್ನು ಬರವಣಿಗೆ. ಹೊಸಬರು ಮೊದಲ ಅಕ್ಷರದಿಂದ ಶುರುಮಾಡಿ ಜಾಗ ಸಾಲದೆ ಕಡೆಯ ಅಕ್ಷರವನ್ನು ಹಿಂಡುತ್ತಾರೆ. ಕನ್ನಡದಲ್ಲಿ ಶುರುಮಾಡಬೇಕಾದದ್ದು ಒತ್ತಕ್ಷರದಿಂದ. ಅದು ಸಾಲಿನ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ತಲೆಗೆ ತಾಕುತ್ತದೆ. ಇಡೀ ಸ್ಟಿಕರ್ ಎಲ್ಲಿ ಗಿಜಿಗುಡುತ್ತದೆ, ಎಲ್ಲಿ ಉಸಿರಾಡುತ್ತದೆ ಎಂಬುದನ್ನು ನಿರ್ಧರಿಸುವುದು ಅದೇ. ಬೋರ್ಡ್ ಬರೆಯುವವರು ಸುಣ್ಣದ ದಾರ ಹಿಡಿದು ಗೆರೆ ಹೊಡೆಯುವಾಗಲೂ ಒತ್ತಿಗೆಂದು ಬೇರೆ ಪಟ್ಟಿ ಬಿಟ್ಟುಕೊಳ್ಳುತ್ತಾರೆ.

ನಮ್ಮ ಎರಡು ಪದಗಳನ್ನು ನೋಡಿ. ಒತ್ತು ಇರುವುದು ಒಂದೇ ಕಡೆ, "ನ್ನಿ"ಯಲ್ಲಿ. ಕೆಳಗಿನ "ಬಂಗಾರ"ದಲ್ಲಿ ಬ ಅಕ್ಷರಕ್ಕೆ ತಲೆಕಟ್ಟಿಲ್ಲ, ಆದರೂ ಅದು ಪೂರ್ತಿ ಎತ್ತರದ್ದು. ಗಾ ಮತ್ತು ರ ಎರಡಕ್ಕೂ ಮೇಲೆ ತಲೆಕಟ್ಟಿನ ಗೆರೆ ಇದೆ. ನಡುವಿನ ಸೊನ್ನೆಯನ್ನು ಮಾತ್ರ ಚಿಕ್ಕದಾಗಿ ಕೆಳಗೆ ಕೂರಿಸಬಹುದು, ಆಗ ಅದರ ಮೇಲೆ ಒಂದಿಷ್ಟು ಜಾಗ ಬರಿದಾಗಿ ಉಳಿಯುತ್ತದೆ. ಒತ್ತನ್ನು ಅಲ್ಲಿಗೆ ಇಳಿಸಿ! ಅದಕ್ಕಾಗಿ ಮೇಲಿನ ಸಾಲನ್ನು ನಡುವಿನಲ್ಲಿ ಇಡದೆ ಪೂರ್ತಿ ಎಡಕ್ಕೆ ಸರಿಸಬೇಕು. ಮೇಲೆ ಬ ಸುಮಾರು 4 ಸೆಂ.ಮೀ. ಅಗಲ, ಅದರ ಪಕ್ಕದಲ್ಲಿ 5 ಸೆಂ.ಮೀ. ಅಗಲಕ್ಕೆ ನ್ನಿ. ಕೆಳಗೆ ಬ ಮತ್ತೆ 4, ಸೊನ್ನೆ ಎರಡೂವರೆ, ಉಳಿದ ಎಂಟೂವರೆಯಲ್ಲಿ ಗಾ ಮತ್ತು ರ. ಹೀಗೆ ಹಾಕಿದರೆ ನ ಒತ್ತು ಸೊನ್ನೆಯ ನೆತ್ತಿಯ ಮೇಲೆ ಬಂದು ಕೂರುತ್ತದೆ. ಒಂದಿಷ್ಟು ಎಡಕ್ಕೆ ಎಳೆಯಬೇಕಾದರೆ ಎಳೆಯಿರಿ. ಕೈಯಿಂದ ಬರೆಯುವುದರ ದೊಡ್ಡ ಅನುಕೂಲ ಅದೇ, ಫಾಂಟ್‌ನಲ್ಲಿ ಒತ್ತಿನ ಜಾಗ ಮೊದಲೇ ಗಟ್ಟಿಯಾಗಿರುತ್ತದೆ. ಸಾಲುಗಳ ನಡುವೆ ಒಂದೂವರೆ ಸೆಂ.ಮೀ. ಇದ್ದರೂ ಸಾಕಾಗುತ್ತದೆ, ಅಕ್ಷರಗಳು ದೊಡ್ಡದಾಗಿ ಬರುತ್ತವೆ.

ಇಷ್ಟಾದ ಮೇಲೆ ಬಲಗಡೆ ಮೇಲೆ ಒಂದು ಮೂಲೆ ಖಾಲಿ ಉಳಿದಿರುತ್ತದೆ. ಬನ್ನಿ ಎಲೆಗೆ ಅದೇ ಜಾಗ. ಗುಡಿಸಿನ ಸುರುಳಿಯ ತುದಿಯನ್ನೇ ಬಲಕ್ಕೆ ಚಾಚಿ ಎಲೆಯ ದೇಟು ಮಾಡಿದರೆ ಎಲೆ ಅಕ್ಷರದಿಂದಲೇ ಚಿಗುರಿದಂತೆ ಆಗುತ್ತದೆ. ಆದರೆ ಗುಡಿಸು ಗುಡಿಸಾಗಿಯೇ ಓದಿಸಿಕೊಳ್ಳಬೇಕು. ತುದಿಯನ್ನು ಬಹಳ ಸುತ್ತಿದರೆ ಅದು ದೀರ್ಘದಂತೆ ಕಂಡು "ಬನ್ನೀ" ಎಂದು ಓದುವವರು ಇರುತ್ತಾರೆ.

ಎಲೆಯ ಬಗ್ಗೆ ಒಂದು ಮಾತು. ಅಂತರ್ಜಾಲದಲ್ಲಿ ದಸರೆಯ ಎಲೆ ಎಂದು ಹುಡುಕಿದರೆ ಎರಡು ಹೋಳಾದ ಅಗಲ ಎಲೆಯೇ ಎದುರಾಗುತ್ತದೆ. ಅದು ಮಹಾರಾಷ್ಟ್ರದಲ್ಲಿ ಹಂಚುವ ಆಪಟಾ. ನಾನು ಹೇಳುತ್ತಿರುವ ಬನ್ನಿ, ಅಂದರೆ ಶಮಿ, ಪಾಂಡವರು ಆಯುಧ ಬಚ್ಚಿಟ್ಟ ಮರ. ಅದರ ಎಲೆ ಹುಣಸೆ ಎಲೆಯ ಹಾಗೆ ಒಂದು ದೇಟಿನ ಎರಡೂ ಬದಿ ಜೋಡಿಜೋಡಿಯಾಗಿ ಪುಟ್ಟ ಪುಟ್ಟದಾಗಿರುತ್ತದೆ. ನಿಜವಾದ ದೇಟಿನಲ್ಲಿರುವಷ್ಟು ಜೋಡಿ ಬರೆಯಲು ಹೋಗಬೇಡಿ. ಐದಾರು ಜೋಡಿ, ಪ್ರತಿ ಎಲೆಯೂ ದಪ್ಪಗೆ. ಸಾಧ್ಯವಾದರೆ ಮರದ ಹತ್ತಿರ ಹೋಗಿ ಒಂದು ಟೊಂಗೆ ನೋಡಿಕೊಂಡೇ ಬರೆಯಿರಿ.

ದಪ್ಪ ಮಾಡುವುದು

ಮೊದಲು ಎಚ್‌ಬಿ ಪೆನ್ಸಿಲ್‌ನಿಂದ ಅಕ್ಷರದ ಎಲುಬು ಮಾತ್ರ, ಒಂದೇ ಗೆರೆಯಲ್ಲಿ. ನಂತರ ಆ ಗೆರೆಯ ಎರಡೂ ಬದಿ 4 ಮಿ.ಮೀ. ದೂರದಲ್ಲಿ ಸಮಾನಾಂತರ ಗೆರೆ ಎಳೆದು ಒಳಗೆ ಕಪ್ಪು ತುಂಬಿ. ತುದಿಗಳು ದುಂಡಗಿರಲಿ. ಚಪ್ಪಟೆ ನಿಬ್ಬಿನ ಕ್ಯಾಲಿಗ್ರಫಿ ಪೆನ್ನು ಆಮಂತ್ರಣ ಪತ್ರಿಕೆಗೆ ಚೆಂದ, ನನಗೂ ಬಹಳ ಇಷ್ಟ. ಸ್ಟಿಕರ್‌ಗೆ ಮಾತ್ರ ನಾನು ಅದನ್ನು ಬೇಡ ಅನ್ನುತ್ತೇನೆ. ಅದರ ತೆಳು ಗೆರೆಗಳು ಚಿಕ್ಕ ಅಳತೆಯಲ್ಲಿ ಅಳಿಸಿಹೋಗಿ, ತಲೆಕಟ್ಟು ಅಕ್ಷರದಿಂದ ಕಳಚಿ ತೇಲುತ್ತದೆ.

ದಪ್ಪ ಮಾಡುವಾಗ ಕಣ್ಣಿಡಬೇಕಾದದ್ದು ಅಕ್ಷರದ ಒಳಗಿನ ಖಾಲಿ ಜಾಗ. ಸೊನ್ನೆಯ ಹೊಟ್ಟೆ, ರ ಅಕ್ಷರದ ಹೊಟ್ಟೆ, ಒತ್ತಿನ ಕೊಕ್ಕೆ ಇವೆಲ್ಲ ತೆರೆದೇ ಇರಬೇಕು. ನೀವು "ಶುಭಾಶಯ" ಎಂದು ಬರೆಯುವವರಾದರೆ ಇದು ಇನ್ನೂ ಗಂಭೀರ. ಭ ಅಕ್ಷರವನ್ನು ಬ ಅಕ್ಷರದಿಂದ ಬೇರೆ ಮಾಡುವುದು ಕೆಳಗಿನ ಒಂದು ಸಣ್ಣ ಸೀಳು. ಗೆರೆ ದಪ್ಪವಾದಂತೆ ಸೀಳು ಮುಚ್ಚಿಕೊಂಡು ಶುಭ ಹೋಗಿ "ಶುಬ" ಆಗುತ್ತದೆ. ಧ ಅಕ್ಷರಕ್ಕೂ ಅದೇ ಗತಿ, ಧಾರವಾಡ "ದಾರವಾಡ"ವಾಗುತ್ತದೆ. ಸೀಳಿಗೆ ಕನಿಷ್ಠ 4 ಮಿ.ಮೀ. ಬಿಡಿ, ಬೇಕಾದರೆ ಅಕ್ಷರವನ್ನೇ ಒಂದಿಷ್ಟು ಅಗಲಿಸಿ. ತಪ್ಪಕ್ಷರದ ಹಾರೈಕೆ ನೂರು ಜನರಿಗೆ ಮುಂದೆ ಹೋಗುತ್ತದೆ, ಅದನ್ನು ವಾಪಸ್ ತರಲಾಗುವುದಿಲ್ಲ.

ಮಸಿ ಒಣಗಿದ ಮೇಲೆ ಪೆನ್ಸಿಲ್ ಗೆರೆ ಉಜ್ಜಿ, ಹಾಳೆಯನ್ನು ಗೋಡೆಗೆ ಅಂಟಿಸಿ ಹಿಂದೆ ಸರಿದು ನೋಡಿ. ಯಾವ ಅಕ್ಷರ ಮೊದಲು ಕಲಸಿಹೋಗುತ್ತದೋ ಅದನ್ನು ತಿದ್ದಿ. ಮನೆಯ ಹಿರಿಯರಿಗೆ ಕನ್ನಡಕವಿಲ್ಲದೆ ಓದಲು ಹೇಳುವುದು ಇದಕ್ಕಿಂತ ಒಳ್ಳೆಯ ಪರೀಕ್ಷೆ. ನನ್ನ ಅವ್ವ ಓದಿದ್ದು ಮಾತ್ರ ನಮ್ಮ ಮನೆಯಿಂದ ಹೊರಗೆ ಹೋಗುತ್ತದೆ.

ಫೋನಿಗೆ ತರುವುದು

ಕಿಟಕಿಯ ಪಕ್ಕ, ಹಗಲಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಿರಿ. ಫೋನು ಹಾಳೆಗೆ ಸಮಾನಾಂತರವಾಗಿ ಇರಲಿ. ವಾಲಿಸಿದರೆ ಚೌಕ ಓರೆಯಾಗಿ ಅಕ್ಷರವೂ ಓರೆಯಾಗುತ್ತದೆ. ಗೂಗಲ್ ಡ್ರೈವ್‌ನ ಸ್ಕ್ಯಾನ್ ಸೌಲಭ್ಯ ಬಳಸಿದರೆ ಆ ಓರೆಯನ್ನು ಅದೇ ನೇರ ಮಾಡುತ್ತದೆ.

ಫೋನಿನಲ್ಲೇ ಮುಗಿಸುವವರಿಗೆ ಐಬಿಸ್‌ಪೇಂಟ್ ಎಂಬ ಚಿತ್ರ ಬಿಡಿಸುವ ಆ್ಯಪ್ ಸಾಕು. 2048 × 2048ರ ಕ್ಯಾನ್ವಾಸ್ ತೆರೆದು ಫೋಟೊ ಸೇರಿಸಿದಾಗ, ಗೆರೆಚಿತ್ರವನ್ನು ಮಾತ್ರ ಬಿಡಿಸಿಕೊಳ್ಳಬೇಕೇ ಎಂದು ಅದು ಕೇಳುತ್ತದೆ. ಹೌದು ಅನ್ನಿ. ಬಿಳಿ ಕಾಗದ ಮಾಯವಾಗಿ ಕಪ್ಪು ಅಕ್ಷರ ಮಾತ್ರ ಉಳಿಯುತ್ತದೆ. ಕಂಪ್ಯೂಟರ್ ಇದ್ದವರಿಗೆ ಉಚಿತವಾದ ಇಂಕ್‌ಸ್ಕೇಪ್ ಇದೆ. ಅದರ "ಟ್ರೇಸ್ ಬಿಟ್‌ಮ್ಯಾಪ್" ಫೋಟೊವನ್ನು ವೆಕ್ಟರ್, ಅಂದರೆ ಪಿಕ್ಸೆಲ್‌ಗಳ ಬದಲು ಗೆರೆಗಳಿಂದಾದ ಚಿತ್ರ, ಮಾಡಿಕೊಡುತ್ತದೆ, ಆಮೇಲೆ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಕೈಯ ಸಣ್ಣ ನಡುಕವನ್ನೆಲ್ಲ ಸವರಿ ನುಣುಪು ಮಾಡಬೇಡಿ. ಗೆರೆಯ ಆ ಏರಿಳಿತದಲ್ಲೇ ಇದು ಯಾರೋ ಬರೆದದ್ದು ಎಂದು ನೋಡುವವರಿಗೆ ತಿಳಿಯುವುದು.

ಬಣ್ಣದಲ್ಲಿ ನನ್ನ ಮಾತು ಕೇಳಿ, ಎರಡು ಸಾಕು. ಅಕ್ಷರಕ್ಕೆ ಕಡುಹಸಿರು, ಎಲೆಗೆ ಗಾಢ ಅರಿಶಿನ ಬಣ್ಣ, ಬನ್ನಿಯೇ ಬಂಗಾರವಾಗುವ ಹಬ್ಬ ಇದು ಎಂದು ಕಣ್ಣಿಗೇ ಹೇಳುವ ಹಾಗೆ. ಬಂಗಾರ ಎಂದ ಕೂಡಲೇ ಹೊಳೆಯುವ ಗ್ರೇಡಿಯಂಟ್ ಹಾಕುವ ಆಸೆ ಬರುತ್ತದೆ, ಚಿಕ್ಕ ಅಳತೆಯಲ್ಲಿ ಅದು ಮಣ್ಣು ಬಣ್ಣಕ್ಕೆ ತಿರುಗುತ್ತದೆ.

ಇನ್ನು ಹೊರ ಅಂಚು. ಕೆಲವರ ಫೋನಿನಲ್ಲಿ ಚಾಟ್ ಹಿನ್ನೆಲೆ ಕಪ್ಪು, ಕೆಲವರಲ್ಲಿ ಬಿಳಿ. ಕಡುಹಸಿರು ಕಪ್ಪಿನಲ್ಲಿ ಮುಳುಗುತ್ತದೆ. ಅದಕ್ಕೇ ಸುತ್ತಲೂ 8 ಪಿಕ್ಸೆಲ್ ಬಿಳಿ ಅಂಚು ಹಾಕಿ ಎಂದು ವಾಟ್ಸ್‌ಆ್ಯಪ್ ಸೂಚಿಸುತ್ತದೆ. 2048ರ ಕ್ಯಾನ್ವಾಸ್‌ನಲ್ಲಿ ಅದು 32 ಪಿಕ್ಸೆಲ್ ಆಗುತ್ತದೆ. ಐಬಿಸ್‌ಪೇಂಟ್‌ನ ಫಿಲ್ಟರ್‌ಗಳಲ್ಲಿ ಹೊರಬದಿಯ ಸ್ಟ್ರೋಕ್ ಇದೆ, ಇಂಕ್‌ಸ್ಕೇಪ್‌ನಲ್ಲಿ "ಔಟ್‌ಸೆಟ್". ಕನ್ನಡಕ್ಕೆ ನಾನು ಇನ್ನೂ ತುಸು ದಪ್ಪ ಹಾಕುತ್ತೇನೆ, ಸೊನ್ನೆ, ಒತ್ತು, ಎಲೆ ಎಲ್ಲವನ್ನೂ ಆ ಬಿಳಿ ಒಂದೇ ತುಂಡಾಗಿ ಬೆಸೆಯುವಷ್ಟು. ವಾಟ್ಸ್‌ಆ್ಯಪ್‌ನ ಒಳಗಿರುವ ಸ್ಟಿಕರ್ ತಯಾರಿಕೆಯಲ್ಲಿ ಚಿತ್ರವನ್ನು ತಾನಾಗಿ ಕತ್ತರಿಸುವ ವ್ಯವಸ್ಥೆ ಇದೆ. ಬಿಡಿಯಾಗಿ ನಿಂತ ಸೊನ್ನೆಯನ್ನೋ ಒತ್ತನ್ನೋ ಅದು ಹಿನ್ನೆಲೆ ಎಂದುಕೊಂಡು ಬಿಟ್ಟುಬಿಡಬಹುದು. ಒಂದೇ ತುಂಡಾಗಿದ್ದರೆ ಆ ಭಯ ಕಡಿಮೆ.

ಹಿನ್ನೆಲೆ ಪಾರದರ್ಶಕವಾಗಿರುವಂತೆ ಪಿಎನ್‌ಜಿ ಉಳಿಸಿ, 512ಕ್ಕೆ ಇಳಿಸಿ, ವೆಬ್‌ಪಿ ರೂಪಕ್ಕೆ ಬದಲಿಸಿ. ಬ್ರೌಸರ್‌ನಲ್ಲಿ ಸ್ಕ್ವೂಶ್ ಎಂಬ ವೆಬ್‌ಸೈಟ್ ತೆರೆದರೆ ಇಳಿಸುವುದು, ಬದಲಿಸುವುದು ಎರಡೂ ಕೆಲಸ ಒಟ್ಟಿಗೆ ಆಗುತ್ತವೆ. ಚಲಿಸದ ಸ್ಟಿಕರ್ 100 ಕೆಬಿಗಿಂತ ಕಡಿಮೆ ಇರಬೇಕು, ಎರಡು ಬಣ್ಣದ ಅಕ್ಷರ ಸಲೀಸಾಗಿ ಅದರೊಳಗೆ ಬರುತ್ತದೆ. ಪ್ಯಾಕ್‌ಗೆ ಒಂದು ಪುಟ್ಟ ಗುರುತುಚಿತ್ರ ಬೇಕು, 96 × 96 ಪಿಕ್ಸೆಲ್, 50 ಕೆಬಿಯೊಳಗೆ. ಅದರಲ್ಲಿ ಪದ ಬರೆಯಬೇಡಿ, "ಬ" ಒಂದೇ ಸಾಕು.

ಪ್ಯಾಕ್ ಸೇರಿಸಲು ಪ್ಲೇ ಸ್ಟೋರ್‌ನಲ್ಲಿ ಬೇಕಾದಷ್ಟು ಸ್ಟಿಕರ್ ಮೇಕರ್‌ಗಳಿವೆ. ಪಾರದರ್ಶಕ ಹಿನ್ನೆಲೆಯನ್ನು ಹಾಗೆಯೇ ಉಳಿಸಿಕೊಳ್ಳುವುದನ್ನು ಆರಿಸಿ. ಫೋಟೊ ನೋಡುವ ಅನುಮತಿ ಕೊಡಿ, ಕಾಂಟ್ಯಾಕ್ಟ್ ಪಟ್ಟಿಯನ್ನು ಕೇಳಿದರೆ ಕೊಡಬೇಡಿ, ಅಕ್ಷರ ಸೇರಿಸಲು ಅದರ ಅಗತ್ಯವಿಲ್ಲ. ಟೆಲಿಗ್ರಾಂ ಬಳಸುವವರು ಅಲ್ಲಿನ "ಸ್ಟಿಕರ್ಸ್" ಬಾಟ್‌ಗೆ ಇದೇ ಫೈಲ್ ಕೊಟ್ಟರಾಯಿತು. ಅಲ್ಲಿ ಒಂದು ಬದಿ ಸರಿಯಾಗಿ 512 ಇದ್ದರೆ ಸಾಕು, ಇನ್ನೊಂದು ಅದಕ್ಕಿಂತ ಕಡಿಮೆ ಇರಬಹುದು.

ಮೊದಲು ನಿಮಗೇ ಕಳಿಸಿಕೊಂಡು ನೋಡಿ, ಒಮ್ಮೆ ಡಾರ್ಕ್ ಮೋಡ್‌ನಲ್ಲಿ, ಒಮ್ಮೆ ಬೆಳಕಿನ ಮೋಡ್‌ನಲ್ಲಿ. ದಸರೆಗೆ ಒಂದು ವಾರ ಮುಂಚೆಯೇ ಈ ಕೆಲಸ ಮುಗಿದಿದ್ದರೆ ತಿದ್ದಲು ಸಮಯ ಸಿಗುತ್ತದೆ. ಮೂಲ ಹಾಳೆಯನ್ನೂ 2048ರ ಫೈಲನ್ನೂ ಎತ್ತಿಡಿ. ಜನವರಿಯಲ್ಲಿ ಸಂಕ್ರಾಂತಿಗೆ "ಎಳ್ಳು ಬೆಲ್ಲ" ಬರೆಯುವಾಗ ಬೆ ಬರೆಯಲು ಈ ಬ ಅಕ್ಷರವೇ ಆಧಾರವಾಗುತ್ತದೆ. ಆದರೆ ಅಲ್ಲಿ ಒತ್ತು ಎರಡು, ಮೇಲಿನ ಸಾಲಿನಲ್ಲಿ ಳ್ಳು, ಕೆಳಗೆ ಲ್ಲ. ಕೆಳಗಿನ ಒತ್ತಿಗೂ ಚೌಕದೊಳಗೇ ಜಾಗ ಬೇಕಾಗುವುದರಿಂದ ಎರಡೂ ಸಾಲನ್ನು ಎರಡು ಸೆಂ.ಮೀ.ನಷ್ಟು ಮೇಲಕ್ಕೆತ್ತಿ, ಅಕ್ಷರಗಳನ್ನು ಒಂದಿಷ್ಟು ಕುಳ್ಳು ಮಾಡಿಕೊಂಡು ಶುರುಮಾಡಿ.