ಡಿಗ್ರಿ ಪ್ರಾಜೆಕ್ಟಿಗೂ ಹಣ ಸಿಗುತ್ತದೆ: ಕೇಳುವುದು ಹೇಗೆ?

ಪ್ರತಿ ವರ್ಷ ಇಂಜಿನಿಯರಿಂಗ್ ಫೈನಲ್ ಇಯರ್ ಹುಡುಗರು ನನ್ನ ಟೇಬಲ್ ಮುಂದೆ ನಿಂತು ಹೇಳುವುದು ಒಂದೇ ಮಾತು: "ಸರ್, ಐಡಿಯಾ ಇದೆ, ದುಡ್ಡಿಲ್ಲ." ಕೊನೆಗೆ ನಾಲ್ಕು ಜನ ಸೇರಿ ಮನೆಯಲ್ಲಿ ಕೇಳಿ ದುಡ್ಡು ಹೊಂದಿಸುತ್ತಾರೆ. ಕೆಲವರು ಅಂಗಡಿಯಿಂದ ರೆಡಿಮೇಡ್ ಪ್ರಾಜೆಕ್ಟ್ ತಂದು ಮುಗಿಸಿಬಿಡುತ್ತಾರೆ. ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಯಾಕೆಂದರೆ ನಮ್ಮ ರಾಜ್ಯದಲ್ಲೇ ವಿದ್ಯಾರ್ಥಿ ಪ್ರಾಜೆಕ್ಟಿಗೆ ಹಣ ಕೊಡುವ ಯೋಜನೆ ನಾಲ್ಕು ದಶಕಕ್ಕೂ ಜಾಸ್ತಿ ಕಾಲದಿಂದ ನಡೆಯುತ್ತಿದೆ.

ಅದನ್ನು ನಡೆಸುವುದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ. ಕಾಲೇಜುಗಳಲ್ಲಿ ಎಲ್ಲರೂ ಕೆಎಸ್‌ಸಿಎಸ್‌ಟಿ ಅಂತಲೇ ಕರೆಯುತ್ತಾರೆ. 1975ರಲ್ಲಿ ಶುರುವಾದ ಈ ಮಂಡಳಿಯ ಕಚೇರಿ ಇರುವುದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಒಂದು ಪ್ರಾಜೆಕ್ಟಿಗೆ ಸಿಗುವುದು ಕೆಲವು ಸಾವಿರ ರೂಪಾಯಿ. ದೊಡ್ಡ ಮೊತ್ತ ಅಲ್ಲ. ಆದರೆ ಸೆನ್ಸರ್, ಪೈಪು, ರಾಸಾಯನಿಕಕ್ಕೆ ಅಷ್ಟು ಸಾಕಾಗುತ್ತದೆ ಅಲ್ವಾ?

ಮೊದಲು ಪ್ರಶ್ನೆ

ಅರ್ಜಿಗೆ ಕೈ ಹಾಕುವ ಮೊದಲು ಒಂದು ಪ್ರಶ್ನೆ ಹುಡುಕಿ. ಹೆಚ್ಚಿನ ಮಕ್ಕಳು ಇಲ್ಲೇ ಎಡವುತ್ತಾರೆ. "ಸ್ಮಾರ್ಟ್ ಅಡಿಕೆ ಡ್ರೈಯರ್" ಅಂತ ಹೆಸರಿಟ್ಟುಕೊಂಡು ಬರುತ್ತಾರೆ. ಅದು ವಸ್ತುವಿನ ಹೆಸರಾಯಿತು, ಪ್ರಶ್ನೆ ಆಗಲಿಲ್ಲ.

ಮಲೆನಾಡಿನ ಒಬ್ಬ ವಿದ್ಯಾರ್ಥಿನಿಗೆ ನಾನು ಕೇಳಿದ್ದೆ: "ನಿಮ್ಮ ಮನೆಯಲ್ಲಿ ಚಾಲಿ (ಬಿಸಿಲಿಗೆ ಒಣಗಿಸುವ ಹಣ್ಣಡಿಕೆ) ಒಣಗಲು ಎಷ್ಟು ದಿನ ಬೇಕು?" ಒಳ್ಳೆ ಬಿಸಿಲಿದ್ದರೆ ನಲವತ್ತು ದಿನ, ಮೋಡ ಬಂದರೆ ಹೇಳಲಿಕ್ಕಾಗುವುದಿಲ್ಲ ಎಂದಳು. ಹಾಗಾದರೆ ಪ್ಲಾಸ್ಟಿಕ್ ಹೊದಿಸಿದ ಚಪ್ಪರದಲ್ಲಿ ಹರಡಿದ ಅಡಿಕೆ, ಅಂಗಳದಲ್ಲಿ ಹರಡಿದ್ದಕ್ಕಿಂತ ಎಷ್ಟು ದಿನ ಮೊದಲು ಒಣಗುತ್ತದೆ? ಬೂಸ್ಟು ಕಡಿಮೆ ಆಗುತ್ತದೋ ಜಾಸ್ತಿ ಆಗುತ್ತದೋ? ಇದನ್ನು ಅಳೆಯಬಹುದು. ಪರೀಕ್ಷಕರಿಗೂ ಒಂದೇ ಓದಿಗೆ ಅರ್ಥವಾಗುತ್ತದೆ. ಆ ಹುಡುಗಿಯ ಅರ್ಜಿಯ ಮೊದಲ ಸಾಲೇ ಇದಾಯಿತು.

ನಿಮ್ಮ ಊರಿನ ಕೆರೆ, ಗಾಣ, ಮಗ್ಗ, ಆಸ್ಪತ್ರೆಯ ಕ್ಯೂ, ಎಲ್ಲಿ ಬೇಕಾದರೂ ಇಂಥ ಪ್ರಶ್ನೆ ಸಿಗುತ್ತದೆ. ಸುಮ್ನೆ ಇಂಟರ್ನೆಟ್‌ನಲ್ಲಿ ಟೈಟಲ್ ಹುಡುಕುತ್ತಾ ಕೂರಬೇಡಿ.

ಗೈಡ್ ಮತ್ತು ಸಮಯ

ವಿದ್ಯಾರ್ಥಿ ನೇರವಾಗಿ ಹೋಗಿ ಹಣ ತರುವಂತಿಲ್ಲ. ಅರ್ಜಿ ಗೈಡ್, ಎಚ್‌ಒಡಿ (ವಿಭಾಗದ ಮುಖ್ಯಸ್ಥರು), ಪ್ರಿನ್ಸಿಪಾಲ್ ಮೂಲಕವೇ ಹೋಗಬೇಕು. ಪ್ರಕಟಣೆ ಪ್ರತಿ ವರ್ಷ ಒಂದೇ ತಾರೀಕಿಗೆ ಬರುವುದಿಲ್ಲ. ಬಂದ ಸುತ್ತೋಲೆ ಎಷ್ಟೋ ಸಲ ಆಫೀಸಿನ ಫೈಲಿನಲ್ಲೇ ಉಳಿದುಬಿಡುತ್ತದೆ. ಆರನೇ ಸೆಮಿಸ್ಟರ್ ಮುಗಿಯುವಾಗಲೇ ಗೈಡ್ ಹತ್ತಿರ ಮಾತಾಡಿಟ್ಟುಕೊಳ್ಳಿ. ಮಂಡಳಿಯ ಜಾಲತಾಣವನ್ನು ವಾರಕ್ಕೊಮ್ಮೆ ನೋಡುತ್ತಿರಿ.

ಸಿನಾಪ್ಸಿಸ್ ಬರೆಯುವಾಗ

ಹಿನ್ನೆಲೆ, ಉದ್ದೇಶ, ಮಾಡುವ ವಿಧಾನ, ಬರಬಹುದಾದ ಫಲಿತಾಂಶ, ಬಜೆಟ್. ಸಿನಾಪ್ಸಿಸ್, ಅಂದರೆ ಪ್ರಾಜೆಕ್ಟಿನ ಸಾರಾಂಶದಲ್ಲಿ ಮುಖ್ಯವಾಗಿ ಕೇಳುವುದು ಇಷ್ಟೇ. ಹಿನ್ನೆಲೆಯನ್ನು ಒಂದು ಪುಟಕ್ಕೆ ಮುಗಿಸಿ. ಉದ್ದೇಶ ಎರಡೋ ಮೂರೋ ಇದ್ದರೆ ಸಾಕು. ಹತ್ತು ಉದ್ದೇಶ ಬರೆದರೆ ಒಂದೂ ಮುಗಿಯುವುದಿಲ್ಲ ಎಂದು ಓದುವವರಿಗೆ ಗೊತ್ತಾಗುತ್ತದೆ.

ಜಾಸ್ತಿ ಹೊತ್ತು ಕೊಡಬೇಕಾದದ್ದು ವಿಧಾನಕ್ಕೆ. ಎಷ್ಟು ಕಿಲೋ ಅಡಿಕೆ, ಎಷ್ಟು ಕಡೆ ಹರಡುತ್ತೀರಿ, ದಿನಕ್ಕೆ ಎಷ್ಟು ಸಲ ತೂಕ ನೋಡುತ್ತೀರಿ, ಯಾರು ಬರೆದಿಡುತ್ತಾರೆ, ಎಲ್ಲವನ್ನೂ ಬರೆಯಿರಿ. ಅಡುಗೆ ಗೊತ್ತಿಲ್ಲದವರೂ ಓದಿ ಸಾರು ಮಾಡುವ ಹಾಗಿರಬೇಕು.

ಬಜೆಟ್‌ನಲ್ಲಿ ಇತರೆ ಬೇಡ

ನನ್ನ ಕೈಕೆಳಗಿನ ಒಂದು ತಂಡದ ಅರ್ಜಿ ಒಮ್ಮೆ ತಿರಸ್ಕಾರವಾಯಿತು. ಬಜೆಟ್‌ನಲ್ಲಿ "ಇತರೆ" ಎಂಬ ಒಂದೇ ಸಾಲಿಗೆ ಅರ್ಧ ಹಣ ಇಟ್ಟಿದ್ದರು. ಸಹಿ ಹಾಕುವ ಮುಂಚೆ ನಾನೂ ಅದನ್ನು ನೋಡಲಿಲ್ಲ. ತಪ್ಪು ನನ್ನದೂ ಹೌದು. ಅಂದಿನಿಂದ ಬಜೆಟ್ ಮಾಡುವ ಮೊದಲು ಮಕ್ಕಳನ್ನು ಅಂಗಡಿಗೆ ಕಳಿಸುತ್ತೇನೆ. ಬೆಂಗಳೂರಿನವರಾದರೆ ಎಸ್‌ಪಿ ರಸ್ತೆಯಲ್ಲಿ ಎರಡು ಅಂಗಡಿ ಸುತ್ತಿ ಕೊಟೇಶನ್ ತರುತ್ತಾರೆ. ಪ್ಲಾಸ್ಟಿಕ್ ಹಾಳೆ ಇಷ್ಟು ಮೀಟರ್, ಬಿದಿರು ಇಷ್ಟು, ತೇವಾಂಶ ಅಳೆಯುವ ಮೀಟರ್ ಒಂದು, ಹೀಗೆ ಸಾಲು ಸಾಲಾಗಿ ಬರೆಯಬೇಕು. ಕಾಲೇಜಿನ ಲ್ಯಾಬ್‌ನಲ್ಲಿ ಇರುವುದನ್ನು ಮತ್ತೆ ಕೇಳಬೇಡಿ. ಲ್ಯಾಪ್‌ಟಾಪ್ ಅಂತೂ ಬೇಡವೇ ಬೇಡ.

ಮಂಜೂರಾದ ಹಣ ಬರುವುದು ಕಾಲೇಜಿನ ಹೆಸರಿಗೆ. ಅದು ನಿಮ್ಮ ಕೈಗೆ ತಲುಪುವಾಗ ತಡವಾಗಬಹುದು. ಆದ್ದರಿಂದ ಹಣವಿಲ್ಲದೆ ಮಾಡಬಹುದಾದ ಕೆಲಸವನ್ನು ಮೊದಲ ತಿಂಗಳಿಗೆ ಇಟ್ಟುಕೊಳ್ಳಿ. ಓದುವುದು, ಹಳ್ಳಿಗೆ ಹೋಗಿ ಮಾತಾಡಿಸುವುದು, ನಕ್ಷೆ ಬರೆಯುವುದು, ಇಂಥವು.

ಇಂಜಿನಿಯರಿಂಗ್ ಅಲ್ಲದವರಿಗೆ

ಬಿಎಸ್ಸಿ ಮಕ್ಕಳಿಗೆ ನನ್ನ ಮೊದಲ ಸಲಹೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್. ಅವುಗಳಲ್ಲಿ ಒಂದು, ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ, ತಿಂಗಳ ಸ್ಟೈಪೆಂಡ್, ರೈಲು ಖರ್ಚು ಕೂಡ. ಅರ್ಜಿಯ ಸಮಯ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ಬೇಸಿಗೆ ಹತ್ತಿರ ಬಂದಾಗ ಹುಡುಕಿದರೆ ಪ್ರಯೋಜನವಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂಥದ್ದೇ ಬೇಸಿಗೆ ಫೆಲೋಶಿಪ್ ಕೊಡುತ್ತದೆ.

ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರು ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ನೋಡಬೇಕು. ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ಬೇಸಿಗೆ ಸಂಶೋಧನೆಗೆಂದೇ ಇರುವುದು.

ಎಂಬಿಬಿಎಸ್, ಬಿಡಿಎಸ್ ಓದುವವರಿಗೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎರಡು ತಿಂಗಳ ಎಸ್‌ಟಿಎಸ್, ಅಂದರೆ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆ ಇದೆ. 1979ರಿಂದ ನಡೆಯುತ್ತಿದೆ. ಇಲ್ಲಿ ಎರಡು ವಿಷಯ ನೆನಪಿರಲಿ. ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕೇ ಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಇನ್ನೊಂದು, ಸ್ಟೈಪೆಂಡ್ ಬರುವುದು ವರದಿ ಒಪ್ಪಿಗೆಯಾದ ಮೇಲೆ.

ಹಣ ಬಂದ ಮೇಲೆ

ಪ್ರತಿ ಬಿಲ್ಲನ್ನೂ ಕಾಲೇಜಿನ ಹೆಸರಿನಲ್ಲೇ ಬರೆಸಿ, ಅವತ್ತೇ ಫೋಟೋ ತೆಗೆದಿಡಿ. ಥರ್ಮಲ್ ಪೇಪರ್ ಬಿಲ್ಲಿನ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ದಿನದ ಅಳತೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲಿ ಬರೆಯಿರಿ, ಕೆಟ್ಟು ಹೋದ ದಿನದ್ದನ್ನೂ ಸೇರಿಸಿ.

ಕೆಎಸ್‌ಸಿಎಸ್‌ಟಿ ಪ್ರಾಜೆಕ್ಟುಗಳನ್ನು ನೋಡಲ್ ಕೇಂದ್ರಗಳಲ್ಲಿ (ಮೌಲ್ಯಮಾಪನಕ್ಕೆಂದು ಆರಿಸಿದ ಕಾಲೇಜುಗಳಲ್ಲಿ) ತಜ್ಞರು ಬಂದು ನೋಡುತ್ತಾರೆ. ಚೆನ್ನಾಗಿರುವುದು ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತದೆ. ಅಡಿಕೆ ಹುಡುಗಿಯನ್ನು ತಜ್ಞರು ಕೇಳಿದ್ದು, ಮಳೆ ಬಂದ ನಾಲ್ಕು ದಿನ ತೂಕ ಯಾಕೆ ಏರಿದೆ ಅಂತ. ಅವಳು ನೋಟ್‌ಬುಕ್ ತೆಗೆದು ಆ ದಿನಗಳ ಪುಟ ತೋರಿಸಿದಳು. ಚಪ್ಪರದ ಒಂದು ಬದಿ ಹರಿದಿತ್ತು ಎಂದು ಅವಳೇ ಅಲ್ಲಿ ಬರೆದಿದ್ದಳು.