ಮೊದಲು ಮೈ ಸಡಿಲ ಮಾಡಿ, ಆಮೇಲೆ ಮನಸ್ಸಿಗೆ ಬುದ್ಧಿ ಹೇಳಿ

ಬಸವನಗುಡಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ 11 ವರ್ಷದಿಂದ ವಾರ್ಡನ್ ಆಗಿದ್ದೇನೆ. ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಶುರುವಾಯಿತು ಅಂತ ನನಗೆ ಯಾರೂ ಹೇಳಬೇಕಿಲ್ಲ. ರಾತ್ರಿ ಎರಡೂವರೆಗೂ ಉರಿಯುವ ಲೈಟು, ತಟ್ಟೆಯಲ್ಲಿ ಅರ್ಧಕ್ಕೆ ಬಿಟ್ಟ ಉಪ್ಪಿಟ್ಟು, "ಮೇಡಂ, ತಲೆನೋವಿನ ಮಾತ್ರೆ ಇದೆಯಾ?" ಅಂತ ಬಾಗಿಲಿಗೆ ಬರುವ ನಾಲ್ಕೈದು ಮುಖಗಳು. ಅಷ್ಟು ಸಾಕು.

ಮೊದಮೊದಲು ನಾನೂ "ಟೆನ್ಶನ್ ಮಾಡ್ಕೋಬೇಡ ಕಣಮ್ಮ" ಅನ್ನುತ್ತಿದ್ದೆ. ಆ ಮಾತಿನಿಂದ ಒಬ್ಬರ ಎದೆಬಡಿತವೂ ಇಳಿಯಲಿಲ್ಲ. ಗಾಬರಿ ಮೊದಲು ಕೂರುವುದು ಮೈಯಲ್ಲಿ. ಅಲ್ಲಿಂದಲೇ ಅದನ್ನು ಇಳಿಸಬೇಕು.

ಸಿಂಧನೂರಿನ ಹುಡುಗಿಯೊಬ್ಬಳು ವೈವಾ (ಮೌಖಿಕ ಪರೀಕ್ಷೆ) ದಿನ ಬೆಳಗ್ಗೆ ಲ್ಯಾಬ್ ರೆಕಾರ್ಡ್ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಕೈ ಹಿಡಿದರೆ ಬೆರಳು ಐಸಿನ ಹಾಗೆ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ, ಎದೆ ಜೋರಾಗಿ ಬಡಿಯುತ್ತದೆ, ಓಡಲು ಬೇಕಾದ ದೊಡ್ಡ ಸ್ನಾಯುಗಳ ಕಡೆಗೆ ರಕ್ತ ಹರಿಯುತ್ತದೆ. ಬೆರಳು ತಣ್ಣಗಾಗುವುದು ಅದಕ್ಕೇ. ಅವಳ ಪಕ್ಕ ಕೂತು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬಾಯಿ ಮುಚ್ಚಿ, ಮೂಗಿನಿಂದ 4 ಎಣಿಸುತ್ತಾ ಉಸಿರು ಎಳೆದುಕೊಳ್ಳಿ. 6 ಎಣಿಸುತ್ತಾ ನಿಧಾನಕ್ಕೆ ಬಿಡಿ. ನಡುವೆ ಉಸಿರು ಹಿಡಿಯಬೇಡಿ. ನಿಮಿಷಕ್ಕೆ ಸುಮಾರು 6 ಉಸಿರು, ಹೀಗೆ 5 ನಿಮಿಷ. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಬೇಕು, ಅದೇ ಮುಖ್ಯ. ಉಸಿರು ಬಿಡುವಾಗ ವೇಗಸ್ ಅನ್ನುವ ನರ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ತಲೆ ಸುತ್ತಿದಂತಾದರೆ ನಿಲ್ಲಿಸಿ, ಎಂದಿನಂತೆ ಉಸಿರಾಡಿ. ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೂ ಮಾಡಬಹುದು, ಪಕ್ಕದವರಿಗೆ ತಿಳಿಯುವುದೂ ಇಲ್ಲ.

ರಾತ್ರಿಗೆ ಇನ್ನೊಂದು ವಿಧಾನವಿದೆ. ಎಡ್ಮಂಡ್ ಜೇಕಬ್ಸನ್ ಅನ್ನುವ ಅಮೆರಿಕದ ವೈದ್ಯರು ಸುಮಾರು 100 ವರ್ಷದ ಹಿಂದೆ ರೂಪಿಸಿದ್ದು. ಅಂಗಾತ ಮಲಗಿ ಕಾಲ್ಬೆರಳುಗಳನ್ನು ಬಿಗಿಯಾಗಿ ಮಡಚಿ, 5 ಸೆಕೆಂಡ್ ಹಾಗೇ ಇಟ್ಟು ಬಿಟ್ಟುಬಿಡಿ. ಬಿಟ್ಟಮೇಲೆ 15–20 ಸೆಕೆಂಡ್ ಸುಮ್ಮನಿದ್ದು ಆ ಸಡಿಲವನ್ನು ಗಮನಿಸಿ. ಆಮೇಲೆ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ. ಭುಜಗಳನ್ನು ಕಿವಿಯವರೆಗೆ ಎತ್ತಿ ಇಳಿಸಿ, ಕೊನೆಗೆ ಮುಖ. ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂರುವವರಿಗೆ ಭುಜ ಎಷ್ಟು ಬಿಗಿದಿತ್ತು ಅನ್ನುವುದೇ ಇಳಿಸಿದಾಗ ಗೊತ್ತಾಗುವುದು. ನೋವಿರುವ ಜಾಗವನ್ನು ಬಿಟ್ಟು ಮುಂದೆ ಹೋಗಿ.

ಸಂಜೆ ಕಾಫಿ ಬಿಡಿ. ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು 5 ಗಂಟೆಯಾದರೂ ಮೈಯಲ್ಲೇ ಇರುತ್ತದೆ. ಆರು ಗಂಟೆಯ ಫಿಲ್ಟರ್ ಕಾಫಿ ಹನ್ನೊಂದಕ್ಕೂ ಎಚ್ಚರವಾಗಿಟ್ಟಿರುತ್ತದೆ. ನಮ್ಮಲ್ಲಿ ನಾಲ್ಕರ ಮೇಲೆ ಜೀರಿಗೆ ಕಷಾಯ ಕೊಡುತ್ತೇವೆ. 7 ಗಂಟೆಗಿಂತ ಕಡಿಮೆ ನಿದ್ದೆ ಮಾಡಿ ಓದುವುದು ನಷ್ಟದ ವ್ಯಾಪಾರ, ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ.

ಭಾನುವಾರ ಆರಕ್ಕೆ ಎದ್ದವರನ್ನೆಲ್ಲ ಲಾಲ್‌ಬಾಗಿಗೆ ಕರೆದುಕೊಂಡು ಹೋಗುತ್ತೇನೆ. ನಿಯಮ ಎರಡೇ: ಫೋನು ಚೀಲದೊಳಗೆ, ಮತ್ತು ಮೊದಲ ಅರ್ಧ ಗಂಟೆ ಯಾರೂ ಸಿಲಬಸ್ ಮಾತೆತ್ತಬಾರದು. 240 ಎಕರೆಯ ತೋಟ, ಸುತ್ತುವುದಕ್ಕೆ ಬೇಕಾದಷ್ಟು ಜಾಗ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಿನ ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುತ್ತದೆ, ಅಂದರೆ ವಾರದಲ್ಲಿ 5 ದಿನ ಅರ್ಧರ್ಧ ಗಂಟೆ. ಉಳಿದ ದಿನಗಳಿಗೆ ಹತ್ತಿರದ ಜಾಗವೇ ಸಾಕು. ಮಲ್ಲೇಶ್ವರದ ಕಡೆಯವರಿಗೆ ಸ್ಯಾಂಕಿ ಕೆರೆ ಇದೆ, ಊರ ನಡುವೆ ಇರುವವರಿಗೆ ಕಬ್ಬನ್ ಪಾರ್ಕ್.

ನಡೆದಮೇಲೆ ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿ ಕೂರುತ್ತೇವೆ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಹಳೇ ಮೈಸೂರು ಸೀಮೆಯ ಬಹುಪಾಲು ನೆಲದಡಿ ಇರುವುದು ಇದೇ ಜಾತಿಯ ಶಿಲೆ. ಒಮ್ಮೆ ತುರುವೇಕೆರೆ ಕಡೆಯ ಹುಡುಗಿ ಅಂಗೈಯನ್ನು ಬಂಡೆಗೆ ಒತ್ತಿ, "ಮೇಡಂ, ನಮ್ಮ ತೋಟದ ಹತ್ರದ ಕಲ್ಲಿನ ಥರಾನೇ ಇದೆ" ಅಂದಳು. ಊರಿಂದ ಬಂದು ಆರು ವಾರವಾಗಿತ್ತು, ಬೆಂಗಳೂರಿನ ಯಾವುದನ್ನೂ ಅವಳು ಹಾಗೆ ಮುಟ್ಟಿ ನೋಡಿರಲಿಲ್ಲ. ನೀವು ಹೋದರೆ ಹತ್ತು ನಿಮಿಷ ಸುಮ್ಮನೆ ಕೂತುಬನ್ನಿ. ಬೆಳಗಿನ ಹೊತ್ತು ಕಲ್ಲು ತಂಪಾಗಿರುತ್ತದೆ.

ಫೋನ್ ನೋಡುತ್ತಾ ಬಿದ್ದುಕೊಳ್ಳುವುದನ್ನು ನಾನು ವಿಶ್ರಾಂತಿ ಅಂತ ಒಪ್ಪುವುದಿಲ್ಲ. ಕಣ್ಣಿಗೂ ಕತ್ತಿಗೂ ಅದು ಕೆಲಸವೇ. ವಾಷಿಂಗ್ ಮೆಷಿನ್ ಇದ್ದರೂ ಶನಿವಾರ ಎರಡು ಬಟ್ಟೆಯನ್ನಾದರೂ ಒಗೆಯುವ ಕಲ್ಲಿನ ಮೇಲೆ ಒಗೆಯಿರಿ. ಕೈ ಒದ್ದೆಯಿದ್ದಾಗ ಫೋನಿನ ನೆನಪೇ ಬರುವುದಿಲ್ಲ. ತಾರಸಿಯ ಬಿಸಿಲಲ್ಲಿ ಬಟ್ಟೆ ಹರವಿ ಬರುವ ಹುಡುಗಿಯರ ಮುಖ ನೋಡಿಯೇ ಹೇಳುತ್ತಿದ್ದೇನೆ.

ತಲೆಯಲ್ಲಿ ಒಂದೇ ಯೋಚನೆ ಸುತ್ತುತ್ತಿದ್ದರೆ ಬರೆಯಿರಿ. ಜೇಮ್ಸ್ ಪೆನ್ನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ 4 ದಿನ ಬರೆಸಿದ್ದರು. ನಿಮ್ಮೂರಿನ ಮಾತಿನಲ್ಲೇ ಬರೆಯಿರಿ, ಕಾಗುಣಿತ ನೋಡಬೇಡಿ, ಬೇಕಿದ್ದರೆ ಹರಿದುಹಾಕಿ. ಬರೆದಷ್ಟೂ ಮನಸ್ಸು ಭಾರವಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಬೇರೆ ಚೀಟಿಯಲ್ಲಿ ನಾಳೆಯ ಒಂದೇ ಒಂದು ಕೆಲಸ: "ಯೂನಿಟ್ 3, ಹತ್ತು ಪುಟ."

ಅಮ್ಮನಿಗೆ ಫೋನ್ ಮಾಡಿದಾಗ "ಚೆನ್ನಾಗಿದೀನಿ" ಅಂದು ಇಟ್ಟುಬಿಡಬೇಡಿ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ಪೇಪರ್) ಇದ್ದರೆ ಇದೆ ಅನ್ನಿ. ಮುಚ್ಚಿಡುವುದಕ್ಕೇ ಎಷ್ಟು ಶಕ್ತಿ ಹೋಗುತ್ತದೆ ಅನ್ನುವುದನ್ನು ಎಷ್ಟೋ ಹುಡುಗಿಯರಲ್ಲಿ ಕಂಡಿದ್ದೇನೆ.

ಎರಡು ವಾರವಾದರೂ ನಿದ್ದೆ, ಊಟ ಸೇರದಿದ್ದರೆ ಇವು ಯಾವುವೂ ಸಾಲುವುದಿಲ್ಲ. "ನಾನೇ ಇಲ್ಲದಿದ್ದರೆ ಒಳ್ಳೇದಿತ್ತು" ಅನ್ನಿಸಿದರಂತೂ ಎರಡು ವಾರ ಕಾಯುವ ಮಾತೇ ಇಲ್ಲ, ಆ ಗಳಿಗೆಯೇ ಒಬ್ಬರನ್ನು ಪಕ್ಕಕ್ಕೆ ಕರೆದುಕೊಳ್ಳಿ, 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಇದೆ, ಜೊತೆಗೆ ಬನ್ನಿ ಅಂದರೆ ನಿಮ್ಮ ವಾರ್ಡನ್ನೋ ಗೆಳತಿಯೋ ಬರುತ್ತಾರೆ. ಏನು ಹೇಳುವುದು ಅಂತ ಫೋನ್ ಹಿಡಿದು ಯೋಚಿಸುತ್ತಾ ಕೂರಬೇಡಿ. ಹೋದ ವರ್ಷ ನನ್ನ ರೂಮಿನಲ್ಲಿ ಕೂತು ಫೋನ್ ಮಾಡಿದ ಹುಡುಗಿ, "ನಂಗೆ ನಿದ್ದೆ ಬರ್ತಿಲ್ಲ, ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ" ಅಂತಷ್ಟೇ ಅಂದಳು. ಉಳಿದದ್ದನ್ನು ಆ ಕಡೆಯವರೇ ಒಂದೊಂದಾಗಿ ಕೇಳಿದರು.